ಕಕ್ಕಡದ ಮಳೆಗೆ ಕಾಫಿ ಕಾಯಿ ಉದುರುವುದೇಕೆ? ಉತ್ತರ ಜೀವಕೋಶದೊಳಗಿದೆ

ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ, ಮಳೆ ಹಿಡಿದು, ಹತ್ತು ಹದಿನೈದು ದಿನ ಬಿಡದೆ ಸುರಿದರೆ ಸಾಕು. ಕೊಡಗಿನ ತೋಟಗಳಲ್ಲಿ ಕಾಫಿ ಗಿಡದ ಬುಡದ ತುಂಬ ಹಸಿರು ಕಾಯಿ ಬಿದ್ದಿರುತ್ತವೆ. 'ಶೀತ ಜಾಸ್ತಿ ಆಯ್ತು' ಅನ್ನುತ್ತಾರೆ ಬೆಳೆಗಾರರು. ಮಾತು ಸರಿಯೇ. ಆದರೆ ಆಮೇಲೆ ನಡೆಯುವುದು ಬೇರೆ. ಪೇಟೆಗೆ ಹೋಗಿ ಶಿಲೀಂಧ್ರನಾಶಕ ತಂದು ಹೊಡೆಯುತ್ತಾರೆ. ಕಾಯಿ ಉದುರುವುದು ನಿಲ್ಲುವುದಿಲ್ಲ. ಔಷಧಿ ಸರಿಯಿಲ್ಲ ಎಂದು ಇನ್ನೊಂದು ತರುತ್ತಾರೆ. ಎಷ್ಟೋ ತೋಟಗಳಲ್ಲಿ ಹೀಗೆ ಉದುರುವ ಕಾಯಿಯಲ್ಲಿ ಶಿಲೀಂಧ್ರವೇ ಇರುವುದಿಲ್ಲ. ಇಲ್ಲದ ರೋಗಕ್ಕೆ ಮದ್ದು ಹೊಡೆದು ಫಲವೇನು?

2024ರಿಂದೀಚೆಗೆ ರೊಬಸ್ಟಾ ಬೆಲೆ ದಾಖಲೆ ಮಟ್ಟ ಕಂಡಿದೆ. ಉದುರಿದ ಒಂದೊಂದು ಕಾಯಿಗೂ ಈಗ ಹೊಟ್ಟೆ ಉರಿಯುತ್ತದೆ. ಅದೇ ಆಸೆಗೆ ನೆರಳು ಕಡಿಮೆ ಮಾಡುವುದು, ಔಷಧಿ ಹೆಚ್ಚು ಮಾಡುವುದು, ಬೇಗ ಒಣಗಿಸುವುದು ಎಲ್ಲವೂ ನಡೆದಿದೆ. ಇವೆಲ್ಲ ಬೇರೆ ಬೇರೆ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಇವುಗಳ ಮೂಲ ಒಂದೇ ಕಡೆ ಸಿಗುತ್ತದೆ: ಕಾಫಿಯ ಜೀವಕೋಶದೊಳಗೆ. ಯಾವ ತೊಂದರೆ ಜೀವಕೋಶದ ಯಾವ ಭಾಗದಲ್ಲಿ ಶುರುವಾಗುತ್ತದೆ ಎಂದು ತಿಳಿದರೆ ಮದ್ದು ಬೇಕೋ, ಗುದ್ದಲಿ ಬೇಕೋ ಎನ್ನುವುದು ಗೊತ್ತಾಗುತ್ತದೆ.

ಎಂಟು, ಒಂಬತ್ತನೇ ತರಗತಿಯಲ್ಲಿ ನಾವೆಲ್ಲ ಜೀವಕೋಶದ ಚಿತ್ರ ಬರೆದು ಭಾಗ ಗುರುತಿಸಿದವರೇ. ಕೋಶಕೇಂದ್ರ, ಮೈಟೊಕಾಂಡ್ರಿಯಾ, ಕ್ಲೋರೋಪ್ಲಾಸ್ಟ್, ರಸದಾನಿ, ಗಾಲ್ಗಿ ಸಂಕೀರ್ಣ, ರೈಬೋಸೋಮ್. ಜೀವಕೋಶದೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಎಂಬಂತೆ ಇರುವ ಈ ಭಾಗಗಳಿಗೆ ಕಣದಂಗಗಳು ಎಂದು ಹೆಸರು. ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ಮರೆತೆವು. ಮನೆ ಹಿಂದಿನ ಕಾಫಿ ಗಿಡಕ್ಕೂ ಆ ಚಿತ್ರಕ್ಕೂ ಸಂಬಂಧ ಇದೆ ಎಂದು ಹೇಳಿದವರು ಕಡಿಮೆ.

ತೊಂದರೆ ಶುರುವಾಗುವುದು ಬೇರಿನಲ್ಲಿ

ಉದುರುವುದು ಕೊಂಬೆಯ ಕಾಯಿ. ಆದರೆ ಕಥೆ ಶುರುವಾಗುವುದು ಮಣ್ಣಿನೊಳಗೆ.

ಬೇರಿಗೂ ಉಸಿರಾಟ ಬೇಕು. ಬೇರಿನ ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯಾಗಳಿವೆ. ಇವಕ್ಕೆ ಎರಡು ಪೊರೆ. ಹೊರಗಿನದು ನುಣುಪು. ಒಳಗಿನದು ಮಡಿಕೆ ಮಡಿಕೆಯಾಗಿರುತ್ತದೆ. ಮಡಿಕೆ ಇರುವುದರಿಂದ ಚಿಕ್ಕ ಜಾಗದಲ್ಲೇ ಪೊರೆಯ ವಿಸ್ತಾರ ಹೆಚ್ಚಾಗುತ್ತದೆ. ಕೆಲಸ ನಡೆಯುವುದು ಆ ಒಳಪೊರೆಯ ಮೇಲೆ. ಸಕ್ಕರೆಯಿಂದ ಬಂದ ಎಲೆಕ್ಟ್ರಾನುಗಳು ಅಲ್ಲಿ ಒಂದು ಪ್ರೊಟೀನಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಹೋಗುತ್ತವೆ. ಆ ಓಟದ ಬಲದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುತ್ತದೆ. ಕೊನೆಯಲ್ಲಿ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುವುದು ಆಮ್ಲಜನಕ. ಅದು ಇಲ್ಲದಿದ್ದರೆ ಸಾಲು ಅಲ್ಲೇ ನಿಂತುಬಿಡುತ್ತದೆ.

ಮಣ್ಣಿನ ಸಂದಿಗಳಲ್ಲಿ ಗಾಳಿ ಇದ್ದಾಗ ಆಮ್ಲಜನಕ ಸುಲಭವಾಗಿ ಬೇರನ್ನು ಮುಟ್ಟುತ್ತದೆ. ಸಂದಿಗಳಲ್ಲಿ ನೀರು ತುಂಬಿದರೆ ಕಷ್ಟ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನಲ್ಲಿದ್ದ ಸ್ವಲ್ಪ ಆಮ್ಲಜನಕವನ್ನೂ ಬೇರು ಮತ್ತು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಆಮೇಲೆ ಮೈಟೊಕಾಂಡ್ರಿಯಾ ಇದ್ದೂ ಇಲ್ಲದಂತೆ. ಒಂದು ಗ್ಲೂಕೋಸ್ ಅಣುವಿನಿಂದ 30ರ ಆಸುಪಾಸು ಎಟಿಪಿ ಸಿಗುತ್ತಿದ್ದ ಕಡೆ ಈಗ ಸಿಗುವುದು ಬರೀ 2. ಅಷ್ಟರಲ್ಲಿ ಬೇರು ಗೊಬ್ಬರ ಹೀರುವುದು ಹೇಗೆ, ಬೆಳೆಯುವುದು ಹೇಗೆ? ಬಿಳಿ ಬೇರಿನ ತುದಿಗಳು ಕಂದು ತಿರುಗಿ ಸಾಯತೊಡಗುತ್ತವೆ.

ಇದೇ ಹೊತ್ತಿಗೆ ಕೋಶದೊಳಗಿನ ರಸ ಹುಳಿಯಾಗುತ್ತದೆ, ಅಂದರೆ ಆಮ್ಲೀಯವಾಗುತ್ತದೆ. ಕೋಶಪೊರೆಯಲ್ಲಿ ನೀರು ಒಳಗೆ ಬಿಡುವ ಪುಟ್ಟ ಪ್ರೊಟೀನ್ ದಾರಿಗಳಿವೆ. ಒಳಗೆ ಆಮ್ಲ ಹೆಚ್ಚಾದ ಕೂಡಲೇ ಅವು ಮುಚ್ಚಿಕೊಳ್ಳುತ್ತವೆ. ಮಣ್ಣಿನ ತುಂಬ ನೀರಿದ್ದರೂ ಗಿಡಕ್ಕೆ ನೀರು ಸಿಗುವುದಿಲ್ಲ. ಮಳೆಗಾಲದ ನಡುವೆಯೇ ಎಲೆ ಜೋತು ಬಿದ್ದು ಹಳದಿಯಾಗುವುದನ್ನು ನೋಡಿ ತುಂಬ ಜನ ಗೊಂದಲಕ್ಕೆ ಬೀಳುತ್ತಾರೆ. ಗೊಬ್ಬರ ಕಡಿಮೆಯಾಯಿತು ಎಂದುಕೊಂಡು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಅದು ಮಳೆಯಲ್ಲಿ ತೊಳೆದುಹೋಗಿ ಹೊಳೆ ಸೇರುತ್ತದೆ.

ಉಸಿರುಗಟ್ಟಿದ ಬೇರು ಸುಮ್ನೆ ಕೂರುವುದಿಲ್ಲ. ಎಥಿಲೀನ್ ತಯಾರಾಗಲು ಬೇಕಾದ ಕಚ್ಚಾ ಅಣುವನ್ನು ಬೇರು ಮಾಡಿ ಮೇಲಕ್ಕೆ ಕಳುಹಿಸುತ್ತದೆ. ಅದು ಎಥಿಲೀನ್ ಆಗಿ ಬದಲಾಗಲು ಆಮ್ಲಜನಕ ಬೇಕು. ಬೇರಿನಲ್ಲಿ ಅದಿಲ್ಲ, ಮೇಲೆ ಕೊಂಬೆ ಎಲೆಗಳಲ್ಲಿ ಇದೆ. ಹಾಗಾಗಿ ಎಥಿಲೀನ್ ಹುಟ್ಟುವುದು ಮೇಲೆ. ಬಾಳೆಗೊನೆಯನ್ನು ಹಣ್ಣು ಮಾಡುವ ಅನಿಲವೂ ಇದೇ. ಕಾಫಿಯ ತೊಟ್ಟಿನ ಹತ್ತಿರ ಇದು ಮಾಡುವ ಕೆಲಸ ಬೇರೆ.

ತೊಟ್ಟಿನ ಗಂಟಿನಲ್ಲಿ ಆಗುವುದೇನು?

ಉದುರಿದ ಒಂದು ಹಸಿರು ಕಾಯಿಯನ್ನು ಕೈಗೆತ್ತಿಕೊಂಡು ತೊಟ್ಟಿನ ತುದಿ ನೋಡಿ. ಕಿತ್ತು ಹರಿದಂತೆ ಇರುವುದಿಲ್ಲ. ಚಾಕುವಿನಿಂದ ಕತ್ತರಿಸಿದಷ್ಟು ನಯವಾಗಿರುತ್ತದೆ. ಗಾಳಿಗೋ ಮಳೆಯ ಹೊಡೆತಕ್ಕೋ ಮುರಿದ ಕಾಯಿ ಅದಲ್ಲ. ಗಿಡವೇ ಬಿಡಿಸಿ ಹಾಕಿದ ಕಾಯಿ.

ತೊಟ್ಟಿನ ಗಂಟಿನಲ್ಲಿ ಕೆಲವೇ ಸಾಲು ಚಿಕ್ಕ ಕೋಶಗಳಿರುತ್ತವೆ. ಎಥಿಲೀನ್ ಸಂದೇಶ ಬಂದಾಗ ಆ ಕೋಶಗಳ ಕೋಶಕೇಂದ್ರದಲ್ಲಿ ಅಷ್ಟು ದಿನ ಮುಚ್ಚಿದ್ದ ಕೆಲವು ಜೀನುಗಳು ತೆರೆದುಕೊಳ್ಳುತ್ತವೆ. ಅವುಗಳ ನಕಲು ಹೊರಗೆ ಬಂದು ರೈಬೋಸೋಮುಗಳಿಗೆ ಸಿಗುತ್ತದೆ. ಈ ರೈಬೋಸೋಮುಗಳು ಎಂಡೋಪ್ಲಾಸ್ಮಿಕ್ ಜಾಲದ ಮೇಲೆ ಕೂತಿರುತ್ತವೆ. ಅದು ಕೋಶಕೇಂದ್ರದ ಹೊರಪೊರೆಯಿಂದಲೇ ಶುರುವಾಗಿ ಕೋಶದ ತುಂಬ ಹರಡಿದ, ಪೊರೆಯ ಮಡಿಕೆಗಳ ಜಾಲ. ರೈಬೋಸೋಮ್ ಕೂತ ಭಾಗ ಒರಟಾಗಿ ಕಾಣುವುದರಿಂದ ಅದನ್ನು ಒರಟು ಜಾಲ ಅನ್ನುತ್ತಾರೆ. ಉದುರುವ ಮುಂಚೆ ಈ ಗಂಟಿನ ಕೋಶಗಳಲ್ಲಿ ಒರಟು ಜಾಲ ಹೆಚ್ಚಾಗುತ್ತದೆ. ಪುಸ್ತಕದಲ್ಲಿ ಎರಡು ಗೆರೆಯಲ್ಲಿ ಮುಗಿದುಹೋಗುವ ಕಣದಂಗ ಇದು. ತೋಟದಲ್ಲಿ ಅದರ ಕೆಲಸ ಮೂಟೆಗಳ ಲೆಕ್ಕದಲ್ಲಿ ಕಾಣುತ್ತದೆ.

ಅಲ್ಲಿ ತಯಾರಾಗುವುದು ಕೋಶಭಿತ್ತಿ ಕರಗಿಸುವ ಕಿಣ್ವಗಳು. ಅವು ಪುಟ್ಟ ಗುಳ್ಳೆಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ ಹೋಗುತ್ತವೆ. ಗಾಲ್ಗಿ ಎಂದರೆ ಒಂದರ ಮೇಲೊಂದು ಜೋಡಿಸಿದ ಚಪ್ಪಟೆ ಚೀಲಗಳು. ಅಲ್ಲಿ ಕಿಣ್ವಕ್ಕೆ ಕೊನೆಯ ತಿದ್ದುಪಡಿ ಆಗುತ್ತದೆ, ಎಲ್ಲಿಗೆ ಹೋಗಬೇಕು ಎನ್ನುವುದೂ ತೀರ್ಮಾನವಾಗುತ್ತದೆ. ಮತ್ತೆ ಗುಳ್ಳೆಯಲ್ಲಿ ಹೊರಟು ಕೋಶಪೊರೆಗೆ ತಾಗಿ ಹೊರಗೆ ಸುರಿಯುತ್ತದೆ. ಎರಡು ಕೋಶಗಳನ್ನು ಅಂಟಿಸಿದ್ದ ಪೆಕ್ಟಿನ್ ಕರಗುತ್ತದೆ. ಕಾಯಿಯ ತೂಕಕ್ಕೇ ತೊಟ್ಟು ಬಿಟ್ಟುಕೊಳ್ಳುತ್ತದೆ.

ಈಗ ಕೊಳೆರೋಗದ ಕೊಂಬೆ ನೋಡಿ. ಅಲ್ಲಿ ಎಲೆ, ಕಾಯಿ ಕಪ್ಪಾಗಿ ಕೊಳೆತಿರುತ್ತವೆ. ಕಳಚಿದ ಎಲೆಯೂ ಕೆಳಗೆ ಬೀಳದೆ, ಶಿಲೀಂಧ್ರದ ಎಳೆಗೆ ಅಂಟಿಕೊಂಡು ಕೊಂಬೆಯಲ್ಲೇ ನೇತಾಡುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಬೇಕು, ಕಪ್ಪಾದ ಭಾಗ ತೆಗೆದು ಸುಡಬೇಕು. ನಯವಾದ ತೊಟ್ಟಿನ ಹಸಿರು ಕಾಯಿಗೆ ಅದು ಬೇಡ. ಈ ವ್ಯತ್ಯಾಸ ತಿಳಿಯಲು ಸೂಕ್ಷ್ಮದರ್ಶಕವೂ ಬೇಡ, ಕಣ್ಣು ಸಾಕು. ಒಂದು ಸುತ್ತು ತೋಟ ನೋಡಿ ಬಂದರೆ ಎಷ್ಟೋ ಖರ್ಚು ಉಳಿಯುತ್ತದೆ.

ಹಾಗಾದರೆ ಬೆಳೆಗಾರರು ಹೊಡೆಯುವ ಪ್ಲಾನೋಫಿಕ್ಸ್ ಏನು ಮಾಡುತ್ತದೆ? ಅದರಲ್ಲಿರುವುದು ಆಕ್ಸಿನ್ ಜಾತಿಯ ಹಾರ್ಮೋನು. ಬೆಳೆಯುತ್ತಿರುವ ಕಾಯಿಯಿಂದ ತೊಟ್ಟಿನ ಮೂಲಕ ಆಕ್ಸಿನ್ ಸದಾ ಹರಿಯುತ್ತಿರುತ್ತದೆ. ಅದು ಹರಿಯುವಷ್ಟು ದಿನ ಗಂಟಿನ ಕೋಶಗಳು ಎಥಿಲೀನ್ ಮಾತಿಗೆ ಬಗ್ಗುವುದಿಲ್ಲ. ಹರಿವು ಕಡಿಮೆಯಾದಾಗ ಬಗ್ಗುತ್ತವೆ. ಹೊರಗಿನಿಂದ ಕೊಟ್ಟ ಆಕ್ಸಿನ್ ಸ್ವಲ್ಪ ಕಾಲ ಆ ಕೊರತೆ ತುಂಬುತ್ತದೆ. ಅಷ್ಟೇ. ಬೇರು ಉಸಿರಾಡದೆ ಇದ್ದರೆ ಮೇಲಿನ ಸ್ಪ್ರೇ ಎಷ್ಟು ದಿನ ಕಾಯಿ ಹಿಡಿದೀತು?

ಅದಕ್ಕೇ ನಾನು ಮೊದಲ ಜಾಗ ಕೊಡುವುದು ಚರಂಡಿಗೆ. ಮಳೆ ಹಿಡಿಯುವ ಮುಂಚೆ ಬಸಿಗಾಲುವೆ ಬಿಡಿಸುವುದು, ಗಿಡಗಳ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗಳ ಹೂಳು ತೆಗೆಯುವುದು, ಮಳೆ ನಡುವೆ ಬಿಡುವು ಸಿಕ್ಕಾಗ ಬುಡದಲ್ಲಿ ಒಟ್ಟಾದ ದರಗನ್ನು ಸಾಲಿನ ನಡುವೆ ಎಳೆಯುವುದು. ಹಿರಿಯರು ಮಾಡುತ್ತಿದ್ದ ಕೆಲಸಗಳೇ. ಕೂಲಿ ದುಬಾರಿಯಾದ ಮೇಲೆ ಮೊದಲು ಬಿಟ್ಟುಹೋದದ್ದೂ ಇವೇ. ಬೇರಿನ ಮೈಟೊಕಾಂಡ್ರಿಯಾಕ್ಕೆ ಗಾಳಿ ತಲುಪಿಸಲು ಬೇರೆ ಉಪಾಯವಿಲ್ಲ. ಬಾಟಲಿಯಲ್ಲಿ ಅದು ಸಿಗುವುದಿಲ್ಲ.

ನೆರಳಿನ ಜಗಳ

ಮಳೆಗಾಲದ ಉದುರುವಿಕೆಗೆ ಇನ್ನೊಂದು ಕಾರಣವೂ ಇದೆ, ಬೆಳಕಿನ ಕೊರತೆ. ಜುಲೈ, ಆಗಸ್ಟಿನಲ್ಲಿ ಮೋಡ ಕವಿದು, ಮೇಲೆ ಮರದ ನೆರಳೂ ದಟ್ಟವಾಗಿದ್ದರೆ ಎಲೆ ಮಾಡುವ ಸಕ್ಕರೆ ಎಲ್ಲ ಕಾಯಿಗೂ ಸಾಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮರ ಕಪಾತು ಮಾಡುವ ಪದ್ಧತಿ ಇರುವುದು ಅದಕ್ಕೇ. ಇಲ್ಲಿಂದ ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಬೆಳಕು ಇಷ್ಟು ಒಳ್ಳೆಯದಾದರೆ ನೆರಳೇ ಯಾಕೆ ಬೇಕು? ಅತ್ತಿ, ಹಲಸು, ನಂದಿ ಕಡಿದು ತೋಟ ಬೋಳು ಮಾಡಿದರೆ ಇನ್ನೂ ಜಾಸ್ತಿ ಬೆಳೆ ಬರುವುದಿಲ್ಲವೇ?

ಕ್ಲೋರೋಪ್ಲಾಸ್ಟ್ ಇದಕ್ಕೆ ಒಪ್ಪುವುದಿಲ್ಲ. ಎಲೆಯ ಕೋಶಗಳಲ್ಲಿ ಹತ್ತಾರು ಕ್ಲೋರೋಪ್ಲಾಸ್ಟುಗಳಿರುತ್ತವೆ. ಹೊರಗೆ ಎರಡು ಪೊರೆ, ಒಳಗೆ ನಾಣ್ಯ ಜೋಡಿಸಿಟ್ಟ ಹಾಗೆ ಪೊರೆಯ ತಟ್ಟೆಗಳ ಕಟ್ಟು. ಪತ್ರಹರಿತ್ತು ಇರುವುದು ಈ ತಟ್ಟೆಗಳಲ್ಲಿ, ಬೆಳಕು ಹಿಡಿಯುವುದು ಇಲ್ಲೇ. ಸುತ್ತಲಿನ ದ್ರವದಲ್ಲಿ ಸಕ್ಕರೆ ತಯಾರಾಗುತ್ತದೆ. ನೆರಳಿನಲ್ಲಿ ಬೆಳೆದ ಎಲೆಯಲ್ಲಿ ತಟ್ಟೆಗಳ ಕಟ್ಟು ದೊಡ್ಡದು, ಪತ್ರಹರಿತ್ತೂ ಹೆಚ್ಚು. ಸಿಕ್ಕ ಸ್ವಲ್ಪ ಬೆಳಕನ್ನೂ ಬಿಡದೆ ಹಿಡಿಯಲು ಹಾಗೆ ಕಟ್ಟಿಕೊಂಡಿರುತ್ತದೆ. ಕಾಫಿ ಮೂಲತಃ ಆಫ್ರಿಕಾದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ. ನಡುಹಗಲಿನ ಪೂರ್ಣ ಬಿಸಿಲಿನ ಮೂರನೇ ಒಂದು ಭಾಗ ಸಿಕ್ಕರೆ ಅದರ ಎಲೆಗೆ ಸಾಕು. ಅದಕ್ಕಿಂತ ಹೆಚ್ಚು ಬಿದ್ದರೆ ಎಲೆ ಅದನ್ನು ಸಕ್ಕರೆ ಮಾಡಲಾರದು.

ಉಳಿದ ಬೆಳಕು ಎಲ್ಲಿ ಹೋಗುತ್ತದೆ? ಸ್ವಲ್ಪ ಶಾಖವಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ತಟ್ಟೆಯಲ್ಲಿರುವ ಡಿ1 ಎಂಬ ಪ್ರೊಟೀನನ್ನು ಹಾಳು ಮಾಡುತ್ತದೆ. ಕ್ಲೋರೋಪ್ಲಾಸ್ಟಿಗೆ ಸ್ವಂತ ಡಿಎನ್ಎ ಇದೆ. ಅರೇಬಿಕಾ ಕಾಫಿಯಲ್ಲಿ ಅದು 1,55,189 ಅಕ್ಷರಗಳಷ್ಟು ಉದ್ದ ಎಂದು 2007ರಲ್ಲಿ ಪೂರ್ತಿ ಓದಿ ಪ್ರಕಟಿಸಲಾಯಿತು. ಡಿ1 ಪ್ರೊಟೀನಿನ ಜೀನು ಇರುವುದೂ ಅದರಲ್ಲೇ. ಹಾಳಾದ ಡಿ1 ತೆಗೆದು ಹೊಸದನ್ನು ಕೂರಿಸುವ ಕೆಲಸ ಕ್ಲೋರೋಪ್ಲಾಸ್ಟಿನೊಳಗೆ ಇಡೀ ಹಗಲು ನಡೆಯುತ್ತದೆ. ರಿಪೇರಿಗಿಂತ ಹಾನಿಯ ವೇಗ ಹೆಚ್ಚಾದರೆ ಎಲೆ ಮಂಕಾಗಿ ಹಳದಿ ತಿರುಗುತ್ತದೆ, ಆಮೇಲೆ ಸುಡುತ್ತದೆ.

ಮಾರ್ಚ್, ಏಪ್ರಿಲ್ ಸೆಖೆಯಲ್ಲಿ ಇನ್ನೊಂದು ನಷ್ಟವಿದೆ. ಸಕ್ಕರೆ ತಯಾರಿಕೆಯಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವ ಕೆಲವೊಮ್ಮೆ ಅದರ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. 25 ಡಿಗ್ರಿ ಉಷ್ಣಾಂಶದಲ್ಲೇ ಸುಮಾರು ನಾಲ್ಕರಲ್ಲಿ ಒಂದು ಸಲ ಹೀಗಾಗುತ್ತದೆ. ಸೆಖೆ ಏರಿದ ಹಾಗೆ ತಪ್ಪೂ ಏರುತ್ತದೆ. ಆ ತಪ್ಪು ಸರಿಮಾಡಲು ಮೂರು ಕಣದಂಗಗಳು ಸೇರಬೇಕು. ಕ್ಲೋರೋಪ್ಲಾಸ್ಟಿನಿಂದ ಹೊರಟ ಅಣು ಪೆರಾಕ್ಸಿಸೋಮಿಗೆ ಹೋಗಿ, ಅಲ್ಲಿಂದ ಮೈಟೊಕಾಂಡ್ರಿಯಾಕ್ಕೆ ಹೋಗಿ, ಮತ್ತೆ ಬಂದ ದಾರಿಯಲ್ಲೇ ವಾಪಸು ಬರಬೇಕು. ದಾರಿಯಲ್ಲಿ ಹಿಡಿದಿದ್ದ ಇಂಗಾಲದ ಒಂದು ಪಾಲು ಹೊರಗೆ ಹೋಗುತ್ತದೆ, ಶಕ್ತಿಯೂ ಖರ್ಚಾಗುತ್ತದೆ. ನೆರಳು ತೋಟದ ತಂಪು ಕಾಯುವುದು ಎಂದರೆ ಈ ಖರ್ಚು ಕಡಿಮೆ ಮಾಡುವುದು.

ರೊಬಸ್ಟಾ ಅರೇಬಿಕಾಕ್ಕಿಂತ ಹೆಚ್ಚು ಬಿಸಿಲು ತಡೆಯುತ್ತದೆ, ನಿಜ. ನೀರು, ಗೊಬ್ಬರ ಯಥೇಚ್ಛ ಕೊಟ್ಟರೆ ಕಡಿಮೆ ನೆರಳಿನಲ್ಲೂ ಫಸಲು ಬರುತ್ತದೆ. ಆದರೆ ಕೊಡಗಿನ ತೋಟಗಳಿಗೆ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿದೆ? ಹೂಮಳೆ ಕೈಕೊಟ್ಟ ವರ್ಷ ಕೆರೆ ಬತ್ತುವುದನ್ನು ನೋಡಿದ್ದೇವಲ್ಲ. ಇನ್ನೊಂದು ಮಾತು. ನೆರಳಿನಲ್ಲಿ ಬಲಿತ ಎಲೆ ಒಂದೇ ವಾರದಲ್ಲಿ ಬಿಸಿಲಿನ ಎಲೆ ಆಗಲಾರದು. ಬಿಸಿಲಿಗೆ ಹೊಂದುವ ಎಲೆ ಹೊಸ ಚಿಗುರಿನಲ್ಲೇ ಬರಬೇಕು. ಬೆಲೆ ಇದೆ ಎಂದು ಒಂದೇ ಸಲ ಮರ ತೆಗೆದ ತೋಟಗಳಲ್ಲಿ ಗಿಡ ಬೆಂದಂತೆ ಆಗುವುದು ಇದಕ್ಕೇ. ಕಡಿಮೆ ಮಾಡಲೇಬೇಕೆಂದರೆ ಕೊಂಬೆ ಕೊಂಬೆಯಾಗಿ, ವರ್ಷ ವರ್ಷ ಹಂಚಿ ಮಾಡಬೇಕು. ದೊಡ್ಡ ಅತ್ತಿ ಮರವೊಂದನ್ನು ಒಂದು ದಿನದಲ್ಲಿ ಉರುಳಿಸಬಹುದು, ಮತ್ತೆ ಅದು ಬರಲು ಒಂದು ತಲೆಮಾರು ಬೇಕು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ತುಕ್ಕು ಮತ್ತು ಮದ್ದು

ಅರೇಬಿಕಾ ಉಳಿಸಿಕೊಂಡವರಿಗೆ ಎಲೆ ತುಕ್ಕು ಹಳೆಯ ಶತ್ರು. 1869ರಲ್ಲಿ ಸಿಲೋನಿನ ಎಲೆಗಳಿಂದ ಈ ಶಿಲೀಂಧ್ರವನ್ನು ಮೊದಲು ವಿವರಿಸಿದರು. ಮುಂದೆ ಅಲ್ಲಿನ ಕಾಫಿಯೇ ನಾಶವಾಗಿ ಚಹಾ ಬಂತು. ಕಾಫಿ ಎಲೆಯಲ್ಲಿ ಪತ್ರರಂಧ್ರಗಳಿರುವುದು ಕೆಳಭಾಗದಲ್ಲಿ ಮಾತ್ರ. ತುಕ್ಕಿನ ಬೀಜಾಣು ಎಲೆಗೆ ಅಂಟಿದ ನೀರ ಹನಿಯಲ್ಲಿ ಮೊಳೆತು, ಆ ರಂಧ್ರದ ಮೂಲಕವೇ ಒಳಗೆ ನುಗ್ಗುತ್ತದೆ. ಸ್ಪ್ರೇ ಎಲೆಯ ಅಡಿಭಾಗಕ್ಕೆ ತಾಗಬೇಕು ಎನ್ನುವುದು ಇದಕ್ಕೇ. ಶಾಲೆಗಳಲ್ಲಿ ಸೂಕ್ಷ್ಮದರ್ಶಕ ಇದ್ದರೆ ಕಾಫಿ ಎಲೆಯ ಅಡಿ ಸಿಪ್ಪೆ ಎಳೆದು ಮಕ್ಕಳಿಗೆ ತೋರಿಸಬಹುದು. ಸುತ್ತಲಿನ ಕೋಶಗಳು ಬಣ್ಣವಿಲ್ಲದೆ ಇರುತ್ತವೆ. ರಂಧ್ರದ ಎರಡು ತುಟಿಯಂತಿರುವ ಕಾವಲು ಕೋಶಗಳಲ್ಲಿ ಮಾತ್ರ ಹಸಿರು ಚುಕ್ಕೆಗಳು ಕಾಣುತ್ತವೆ. ಅವೇ ಕ್ಲೋರೋಪ್ಲಾಸ್ಟುಗಳು.

ಒಳಗೆ ಬಂದ ಶಿಲೀಂಧ್ರ ಕೋಶವನ್ನು ಕೂಡಲೇ ಕೊಲ್ಲುವುದಿಲ್ಲ. ಕೋಶಭಿತ್ತಿ ಕೊರೆದು ಒಂದು ಹೀರುಬೇರು ಇಳಿಸುತ್ತದೆ. ಕೋಶಪೊರೆ ಹರಿಯುವುದಿಲ್ಲ, ಹೀರುಬೇರಿನ ಸುತ್ತ ಒಳಮುಖವಾಗಿ ಬಾಗುತ್ತದೆ. ಜೀವಂತ ಕೋಶದಿಂದ ಸಕ್ಕರೆ ಹೀರಿಕೊಳ್ಳುವ ಉಪಾಯ ಅದು. ಎಲೆ ಅಡಿಯಲ್ಲಿ ಕಿತ್ತಳೆ ಪುಡಿ ಕಾಣುವ ಹೊತ್ತಿಗೆ ಒಳಗೆ ಸುಮಾರು ಕೆಲಸ ಮುಗಿದಿರುತ್ತದೆ.

ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಎಲೆಯ ಮೇಲೆಯೇ ಕೂರುತ್ತದೆ. ಅದರ ತಾಮ್ರ ಮೊಳೆಯುವ ಬೀಜಾಣುವಿನ ಹಲವು ಕಿಣ್ವಗಳನ್ನು ಒಟ್ಟಿಗೇ ಕೆಡಿಸುತ್ತದೆ. ಹಲವು ಕಡೆ ಪೆಟ್ಟು ಬೀಳುವುದರಿಂದ ಶಿಲೀಂಧ್ರ ಅದಕ್ಕೆ ಸುಲಭವಾಗಿ ಹೊಂದಿಕೊಳ್ಳಲಾರದು. ಆದರೆ ಒಳಗೆ ಹೊಕ್ಕ ರೋಗಕ್ಕೆ ಅದು ಮದ್ದಲ್ಲ. ಒಳಗೆ ಹೀರಿಕೊಳ್ಳುವ ಮದ್ದುಗಳಲ್ಲಿ ಟ್ರಯಜೋಲ್ ಗುಂಪಿನವು ಶಿಲೀಂಧ್ರದ ಎಂಡೋಪ್ಲಾಸ್ಮಿಕ್ ಜಾಲದಲ್ಲಿರುವ ಒಂದು ಕಿಣ್ವವನ್ನು ತಡೆಯುತ್ತವೆ. ಅದರ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗುವುದು ನಿಲ್ಲುತ್ತದೆ. ಸ್ಟ್ರೋಬಿಲ್ಯೂರಿನ್ ಗುಂಪಿನವು ಶಿಲೀಂಧ್ರದ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಎಲೆಕ್ಟ್ರಾನ್ ಸಾಲನ್ನು ಕಡಿಯುತ್ತವೆ. ಎರಡೂ ಗುಂಪು ಹೊಡೆಯುವುದು ಒಂದೊಂದೇ ಜಾಗಕ್ಕೆ. ಒಂದೇ ಗುಂಪಿನ ಮದ್ದನ್ನು ವರ್ಷಗಟ್ಟಲೆ ಹೊಡೆದರೆ ಆ ಒಂದು ಜಾಗ ಬದಲಾದ ಶಿಲೀಂಧ್ರ ಉಳಿದು ಬೆಳೆಯುತ್ತದೆ. ಅಂಗಡಿಯಲ್ಲಿ ಹೆಸರು ಬೇರೆ, ಡಬ್ಬದ ಬಣ್ಣ ಬೇರೆ ಇದ್ದ ಮಾತ್ರಕ್ಕೆ ಮದ್ದು ಬದಲಾದಂತಲ್ಲ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಓದಿ, ಅದು ಯಾವ ಗುಂಪು ಎಂದು ಕೇಳಬೇಕು. ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಂಗಡಿಗೆ ಹೋಗುವ ಮುಂಚೆ ಅಲ್ಲಿ ವಿಚಾರಿಸುವುದು ಒಳ್ಳೆಯದು.

ತಳಿಯ ವಿಷಯ ಬಂದರೆ ಕೋಶಕೇಂದ್ರಕ್ಕೆ ಬರಬೇಕು. ರೊಬಸ್ಟಾದಲ್ಲಿ 22 ವರ್ಣತಂತುಗಳು, ಅರೇಬಿಕಾದಲ್ಲಿ 44. ಅರೇಬಿಕಾ ಹುಟ್ಟಿದ್ದೇ ರೊಬಸ್ಟಾ ಮತ್ತು ಇನ್ನೊಂದು ಕಾಡು ಕಾಫಿಯ ಬೆರಕೆಯಿಂದ. ನಮ್ಮ ಹಳೆಯ ತೋಟಗಳಲ್ಲಿರುವ ಎಸ್.795 ಎಂಬ ಅರೇಬಿಕಾ ತಳಿಗೆ ತುಕ್ಕು ತಡೆಯುವ ಒಂದು ಜೀನು ಲೈಬೀರಿಕಾ ಕಾಫಿಯಿಂದ ಬಂದದ್ದು. ತುಕ್ಕಿನ ಹೊಸ ವರ್ಗಗಳು ಅದನ್ನೂ ದಾಟಿವೆ. 2007ರಲ್ಲಿ ಬಂದ ಚಂದ್ರಗಿರಿಯನ್ನು ಈಗ ಹಲವರು ನೆಡುತ್ತಿದ್ದಾರೆ. ಒಂದೇ ತಳಿಯನ್ನು ಇಡೀ ತೋಟಕ್ಕೆ ನೆಡದಿರುವುದು ಜಾಣತನ.

ಕಣದಲ್ಲಿ

ನವೆಂಬರ್, ಡಿಸೆಂಬರಿನಲ್ಲಿ ಬರುವ ಪುತ್ತರಿ ಹಬ್ಬ ಮುಗಿದ ಮೇಲೂ ಮಳೆ ಬರುವ ವರ್ಷಗಳು ಹೆಚ್ಚುತ್ತಿವೆ. ಕುಯ್ಲಿನ ಹೊತ್ತಿಗೆ ಮೋಡ ಕವಿದರೆ ಕಣದಲ್ಲಿ ಕಾಫಿ ಒಣಗುವುದಿಲ್ಲ. ಹಾಗಾಗಿ ಡ್ರೈಯರ್ ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಯಂತ್ರ ಬೇಡ ಅನ್ನುತ್ತಿಲ್ಲ. ಶಾಖ ಎಷ್ಟು ಎನ್ನುವುದು ಪ್ರಶ್ನೆ.

ಕಾಫಿ ಬೀಜದ ಕೋಶಕ್ಕೆ ದಪ್ಪ ಭಿತ್ತಿ. ಒಳಗೆ ಸಣ್ಣ ಸಣ್ಣ ಎಣ್ಣೆ ಹನಿಗಳು, ಪ್ರತಿ ಹನಿಗೂ ಬೇರೆ ಹೊದಿಕೆ. ಕೆಫೀನ್ ಮತ್ತು ಒಗರು ಕೊಡುವ ಕ್ಲೋರೋಜೆನಿಕ್ ಆಮ್ಲ ರಸದಾನಿಯಲ್ಲಿ ಒಟ್ಟಿಗೇ ಇರುತ್ತವೆ. ರೊಬಸ್ಟಾದಲ್ಲಿ ಕೆಫೀನ್ ಶೇ 2ರ ಮೇಲೆ, ಅರೇಬಿಕಾದಲ್ಲಿ ಶೇ 1.2ರ ಆಸುಪಾಸು. ಆ ಆಮ್ಲವನ್ನು ಕಂದು ಮಾಡುವ ಕಿಣ್ವ ಇನ್ನೊಂದು ಕಣದಂಗದಲ್ಲಿ, ಕ್ಲೋರೋಪ್ಲಾಸ್ಟಿನ ಜಾತಿಯದೇ ಆದ ಪ್ಲಾಸ್ಟಿಡಿನಲ್ಲಿ ಇರುತ್ತದೆ. ನಡುವೆ ಪೊರೆ ಗಟ್ಟಿ ಇರುವಷ್ಟು ದಿನ ಎರಡೂ ಸೇರುವುದಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹಲ್ಲಿಗೆ ಸಿಕ್ಕಿ ಗಾಯವಾದ ಬೀಜ ಅಲ್ಲೇ ಕಂದು ತಿರುಗುವುದು ಆ ಪೊರೆಗಳು ಹರಿದದ್ದರಿಂದ. 60 ಡಿಗ್ರಿ ಶಾಖದಲ್ಲಿ ಒಣಗಿಸಿದ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಪೊರೆ ಹರಿದು, ಎಣ್ಣೆ ಹನಿಗಳು ಒಂದಕ್ಕೊಂದು ಸೇರಿ ಹರಡಿಕೊಂಡಿರುತ್ತವೆ. 40 ಡಿಗ್ರಿಯಲ್ಲಿ ನಿಧಾನವಾಗಿ ಒಣಗಿದ ಬೀಜದಲ್ಲಿ ಹನಿಗಳು ಬಿಡಿಬಿಡಿಯಾಗಿಯೇ ಉಳಿದಿರುತ್ತವೆ. ಹೊರಗೆ ಚೆಲ್ಲಿದ ಎಣ್ಣೆಗೆ ಗಾಳಿ ತಾಗಿದರೆ ಗೋದಾಮಿನಲ್ಲೇ ಹಳಸಲು ವಾಸನೆ ಹಿಡಿಯುತ್ತದೆ, ಕುಡಿಯುವ ಕಪ್ಪಿನಲ್ಲಿ ರುಚಿ ಕೆಡುತ್ತದೆ.

ಸಸಿ ಮಾಡಲು ಬೀಜ ತೆಗೆಯುವವರು ಈ ತಪ್ಪು ಮಾಡುವುದಿಲ್ಲ. ಬೀಜದ ಕಾಫಿಯನ್ನು ಅವರು ಬೂದಿ ಹಚ್ಚಿ ನೆರಳಿನಲ್ಲೇ ಒಣಗಿಸುತ್ತಾರೆ. ಅದರ ಕೋಶಗಳು ಬದುಕಿದ್ದರೆ ಮಾತ್ರ ಮೊಳಕೆ ಬರುತ್ತದಲ್ಲ. ಹಣ್ಣಿನ ಸಿಪ್ಪೆ ತೆಗೆದು, ಒಳಹೊಟ್ಟು ಉಳಿಸಿ ಮಾರಾಟಕ್ಕಿಡುವ ಪಾರ್ಚ್‌ಮೆಂಟಿಗೂ ಡ್ರೈಯರಿನ ಶಾಖ 40 ಡಿಗ್ರಿ ದಾಟದಂತೆ ನೋಡಿಕೊಂಡರೆ, ಎರಡು ದಿನ ತಡವಾದರೂ ಸರಿ, ಬೆಲೆ ಮಾತಾಡುವಾಗ ಅದರ ಫಲ ಸಿಗುತ್ತದೆ.